ಕನ್ನಡಿ ನೋಡಿ ಬರೆದ ಬಾಯಿ

ಏಳನೆಯ ಕಂತು

"ಮೂರು, ಎರಡು, ಮೂರು. ಮುಂದಿನದು. ನಾಲ್ಕು, ಮೂರು, ಐದು. ರಕ್ತ."

ದಂತವೈದ್ಯೆ ಅಂಕಿ ಹೇಳುತ್ತಿದ್ದಳು. ಕುರ್ಚಿಯ ಪಕ್ಕ ನಿಂತಿದ್ದ ಸಹಾಯಕಿ ಬರೆದುಕೊಳ್ಳುತ್ತಿದ್ದಳು. ಅಂಗಾತ ಮಲಗಿ ಬಾಯಿ ತೆರೆದಿದ್ದ ಕೊಕ್ಕೆಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ.

ಅವನು ಬಂದದ್ದು ಪ್ರಶ್ನೆ ಕೇಳಲು. "ಕೂತು ಮಾತಾಡೋಕೆ ನನಗೆ ಪುರುಸೊತ್ತಿಲ್ಲ. ಕೆಲಸ ಮಾಡ್ತಾ ಮಾತಾಡ್ತೀನಿ, ಬೇಕಾದ್ರೆ ಮಲಗಿ" ಎಂದಿದ್ದಳು ಅವಳು. ಮಲಗಿದ ಮೇಲೆ ಗೊತ್ತಾಯಿತು, ಬಾಯಿ ತೆರೆದವನು ಉತ್ತರ ಕೊಡಬಹುದೇ ಹೊರತು ಪ್ರಶ್ನೆ ಕೇಳುವಂತಿಲ್ಲ. ಠಾಣೆಯಲ್ಲಿ ಇಪ್ಪತ್ತೆಂಟು ವರ್ಷ ರೈಟರ್ ಆಗಿದ್ದು ಊರವರ ಹೇಳಿಕೆಗಳನ್ನೆಲ್ಲ ಬರೆದುಕೊಂಡವನು ಅವನು. ಬಂದ ಫೈಲಿಗೆಲ್ಲ ಒಂದು ಕೊಕ್ಕೆ ಹಾಕುತ್ತಿದ್ದನೆಂದು ಅಲ್ಲಿ ಬಿದ್ದ ಹೆಸರು ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ. ಇವತ್ತು ಅವನ ಹಲ್ಲುಗಳೇ ಹೇಳಿಕೆ ಕೊಡುತ್ತಿದ್ದವು.

"ಆರು, ಏಳು, ಆರು. ರಕ್ತ. ಕೀವು."

"ಏಳಾ?" ಸಹಾಯಕಿ ಪೆನ್ನು ನಿಲ್ಲಿಸಿದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಿದ್ದ ಹಳೆಯ ಕೈ. "ಬಾವಿ ತೋಡಿಟ್ಟಿದ್ದಾರಲ್ಲಮ್ಮಾ. ಹಗ್ಗ ಕಟ್ಟಿ ಬಿಂದಿಗೆ ಬಿಡಬಹುದು."

"ನಗಿಸಬೇಡ. ಕಡ್ಡಿ ಚುಚ್ಚಿಕೊಳ್ತಾರೆ."

ಗೆರೆ ಕೊರೆದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸುವುದು. ಎಷ್ಟು ಮಿಲಿಮೀಟರ್ ಇಳಿಯಿತೆಂದು ಹೇಳುವುದು. ಮೂರರವರೆಗೆ ಪರವಾಗಿಲ್ಲ. ನಾಲ್ಕು ದಾಟಿದರೆ ವಸಡು ಹಲ್ಲನ್ನು ಬಿಟ್ಟುಕೊಡಲು ಶುರುಮಾಡಿದೆ ಎಂದರ್ಥ. ಒಂದೊಂದು ಹಲ್ಲಿನ ಸುತ್ತ ಆರು ಕಡೆ. ಮೂವತ್ತೆರಡು ಹಲ್ಲಿನ ಚಿತ್ರವಿರುವ ಹಾಳೆಯಲ್ಲಿ ಅಷ್ಟೂ ಅಂಕಿ ಬೀಳಬೇಕು.

ಅಂಥದೇ ಒಂದು ಹಾಳೆಯ ಜೆರಾಕ್ಸು ಕೊಕ್ಕೆಯ ಚೀಲದಲ್ಲಿತ್ತು. ಹೋದ ಬುಧವಾರ ಮೊಹರಿನ ಅಂಗಡಿಯ ಅಕ್ಕನಿಗೆ ಅಂಚೆಯಲ್ಲಿ ಹೆಸರಿಲ್ಲದ ಚೀಟಿ ಬಂದಿತ್ತು: 'ಹಲ್ಲಿನ ರಿಪೋರ್ಟು ಸುಳ್ಳು. ಆಪರೇಷನ್ ಬೇಡ.' ಈ ಶುಕ್ರವಾರ ಅವಳ ಒಂದು ಕಿಡ್ನಿಯನ್ನು ತೆಗೆದು ಗಡಿಯಾರ ರಿಪೇರಿ ಮಾಡುವ ಅವಳ ತಮ್ಮನಿಗೆ ಹಾಕುವುದಿತ್ತು. ಇವತ್ತು ಮಂಗಳವಾರ.

"ತೊಳ್ಕೊಳ್ಳಿ" ಎಂದಳು ದಂತವೈದ್ಯೆ.

ಕೊಕ್ಕೆ ಉಗುಳಿದ. ಬೋಗುಣಿಯ ನೀರು ಕೆಂಪಾಯಿತು. ಅದನ್ನು ನೋಡಿ ಅವನಿಗೆ ತನ್ನ ಬಗ್ಗೆಯೇ ಸಣ್ಣ ಭಯವಾಯಿತು.

"ಒಂದ್ಸಲ ಕಿಡ್ನಿ ಟೆಸ್ಟೂ ಮಾಡಿಸಿ."

"ಹಲ್ಲು ತೋರಿಸೋಕೆ ಬಂದೋನಿಗೆ ಕಿಡ್ನಿ ಟೆಸ್ಟಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು."

"ಎತ್ತೂ ಎಮ್ಮೆನೂ ಒಂದೇ ಕೊಟ್ಟಿಗೇಲಿವೆ ಸಾರ್." ಅವಳು ಕಡ್ಡಿಯನ್ನು ತಟ್ಟೆಗೆ ಹಾಕಿದಳು. "ವಸಡಿನ ಸಂದಿಯಲ್ಲಿ ಕೀವು ವರ್ಷಗಟ್ಟಲೆ ಇದ್ರೆ ಅದು ಅಲ್ಲೇ ತೆಪ್ಪಗೆ ಕೂತಿರಲ್ಲ. ಅದರ ವಿಷ ರಕ್ತಕ್ಕೆ ಇಳಿಯುತ್ತೆ. ರಕ್ತ ಸೋಸೋದು ಯಾರು? ಕಿಡ್ನಿ. ಅತ್ತ ಕಿಡ್ನಿ ಸೋತೋರಿಗೆ ವಸಡು ಬೇಗ ಕೆಡುತ್ತೆ."

"ಹಾಗಾದ್ರೆ ಮೊದಲು ಕೆಡೋದು ಯಾವುದು?"

"ಎಲ್ಲ ಸಲ ಹೇಳೋಕಾಗಲ್ಲ. ಇದರಿಂದಲೇ ಅದು ಅಂತ ನಾನು ಆಣೆ ಇಡೋದಿಲ್ಲ. ಎರಡೂ ಜೊತೆಜೊತೆಗೆ ಕಾಣಿಸ್ಕೊಳ್ತವೆ, ಒಂದನ್ನೊಂದು ಕೆಡಿಸ್ತವೆ. ಒಂದು ಕಂಡಲ್ಲಿ ಇನ್ನೊಂದನ್ನ ಹುಡುಕ್ಬೇಕು. ಅಷ್ಟೇ ನಮ್ಮ ಕೆಲಸ."

ಕೊಕ್ಕೆಗೆ ಇಂಥ ಉತ್ತರ ಹಿಡಿಸುವುದಿಲ್ಲ. ಕಳ್ಳ ಯಾರು ಎಂದರೆ ಇಬ್ಬರೂ ಜೊತೆಗೆ ಓಡಾಡುತ್ತಿದ್ದರು ಎಂದ ಹಾಗಾಯಿತು. ಅವನು ಚೀಲದಿಂದ ತಮ್ಮನ ಹಾಳೆ ತೆಗೆದು ಕೊಟ್ಟ.

"ಇದು ಇಲ್ಲಿಯದೇನಾ?"

ದಂತವೈದ್ಯೆ ಬೆಳಕಿಗೆ ಹಿಡಿದು ನೋಡಿದಳು. "ಗಡಿಯಾರದವರದ್ದು. ನಮ್ಮದೇ. ನಾನೇ ಹೇಳಿದ್ದು, ಇವಳೇ ಬರೆದಿದ್ದು. ಕಿಡ್ನಿ ಹಾಕಿದ ಮೇಲೆ ದೇಹ ಅದನ್ನ ಒದ್ದು ಹೊರಗೆ ಹಾಕಬಾರ್ದು ಅಂತ ರೋಗ ತಡೆಯೋ ಶಕ್ತೀನೇ ತಗ್ಗಿಸ್ತಾರೆ. ಆಗ ಬಾಯಲ್ಲಿ ಒಂದು ಕೀವಿನ ಗುಳಿ ಇದ್ರೂ ಜೀವಕ್ಕೆ ಕುತ್ತು. ಅದಕ್ಕೇ ಮೊದಲು ಬಾಯಿ ಸರಿ ಮಾಡಿಸ್ಕೊಂಡು ಬನ್ನಿ ಅಂತಾರೆ. ಈ ಮನುಷ್ಯ ಐದು ತಿಂಗಳು ಒಂದು ವಾರಾನೂ ತಪ್ಪಿಸ್ದೆ ಬಂದ್ರು. ಈಗ ನನ್ನ ವಸಡಿಗಿಂತ ಅವರ ವಸಡು ಚೆನ್ನಾಗಿದೆ."

"ಮತ್ತೆ ಆ ವಾಸನೆ?"

"ಯಾವ ವಾಸನೆ?"

"ನಿನ್ನೆ ಅವನ ಅಂಗಡೀಲಿ ಎದುರು ಕೂತಿದ್ದೆ. ಬಾಯಿ ತೆಗೆದ್ರೆ ಮುಖಕ್ಕೆ ಹೊಡೆಯುತ್ತೆ. ವಸಡು ಕೊಳೆತಿಲ್ದೆ ಹಾಗೆ ನಾರುತ್ತಾ?"

"ಕೊಳೆತ ವಾಸನೆಯೋ, ಮೂತ್ರದ ವಾಸನೆಯೋ?"

ಕೊಕ್ಕೆ ಯೋಚಿಸಿದ. "ಬಸ್ ಸ್ಟ್ಯಾಂಡಿನ ಪಾಯಿಖಾನೆ ನೆನಪಾಯ್ತು."

ಅವಳ ಕೈ ಗಾಳಿಯಲ್ಲೇ ನಿಂತಿತು. "ನಿನ್ನೆ? ಖಂಡಿತಾ ನಿನ್ನೆಯೇನಾ?"

"ನಿನ್ನೆ, ಸೋಮವಾರ, ಸಾಯಂಕಾಲ ನಾಲ್ಕಕ್ಕೆ."

"ಒಂದು ನಿಮಿಷ" ಎಂದು ಅವಳು ಕೈಗವಸು ಕಳಚಿ ಒಳಗಿನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದಾಯಿತು. ಸಹಾಯಕಿ ಹಾಳೆಯ ಮೇಲೆ ಕಣ್ಣು ನೆಟ್ಟು ಸುಮ್ಮನೆ ನಿಂತಳು. ಇಲ್ಲಿಯವರೆಗೆ ಪಟಪಟ ಮಾತಾಡಿದವಳು.

ದಂತವೈದ್ಯೆ ತಿರುಗಿ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ.

"ಅದು ವಸಡಿನ ವಾಸನೆಯಲ್ಲ" ಎಂದಳು.

"ಮತ್ತೇನದು?"

"ಬಾಯಿ ತೆಗೀರಿ."

*

ಮುಂದಿನ ಕೋಣೆಯ ಮೇಜಿನ ಹಿಂದೆ ಸಹಾಯಕಿ ಅವನ ಹಾಳೆಗೆ ಮೊಹರು ಒತ್ತಿದಳು. ಕೊಕ್ಕೆ ಬಗ್ಗಿ ನೋಡಿ ತಕ್ಷಣ ಕೊಕ್ಕೆ ಹಾಕಿದ.

"ಅಮ್ಮಾ, ತಪ್ಪಾಗಿದೆ. ನನಗೆ ಇಲ್ಲದ್ದು ಬಲಗಡೆ ದವಡೆ ಹಲ್ಲು. ನೀವು ಹಾಳೆಯ ಎಡಗಡೆ ಕತ್ತರಿ ಗೀಟು ಹಾಕಿದ್ದೀರಿ."

ಅವಳು ನಕ್ಕಳು. "ಎಲ್ಲರೂ ಇದನ್ನೇ ಕೇಳ್ತಾರೆ. ನಾವು ನಿಮ್ಮ ಎದುರಿಗೆ ನಿಂತು ನೋಡೋದಲ್ವಾ ಸಾರ್? ನಿಮ್ಮ ಬಲ ನಮಗೆ ಎಡ. ಹಾಳೆಯ ಎಡಗಡೆ ಅಂದ್ರೆ ರೋಗಿಯ ಬಲಗಡೆ. ಹಲ್ಲಿನ ಡಾಕ್ಟ್ರು ಎಲ್ಲೇ ಇರಲಿ, ಹೀಗೇ ಬರೆಯೋದು."

"ತಪ್ಪಿ ತಿರುಗಾಮುರುಗಾ ಬರೆದುಬಿಟ್ರೆ?"

"ಒಳ್ಳೇ ಹಲ್ಲು ಕಿತ್ತುಹಾಕ್ತಾರೆ! ಮೂವತ್ತು ವರ್ಷ ಆಯ್ತು, ಊಟದ ಕೈ ಯಾವುದು ಅಂತ ಮರೆತೇನು, ಇದನ್ನ ಮರೆಯಲ್ಲ."

ಕೊಕ್ಕೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಂಡ. ಪಕ್ಕದಲ್ಲಿ ಒಂದೇ ಒಂದು ಜೊತೆ ಚಪ್ಪಲಿ ಇತ್ತು. ಪಟ್ಟಿಗಳನ್ನು ಯಾರೋ ಮಧ್ಯಕ್ಕೆ ನೇರವಾಗಿ ಸೀಳಿದ್ದರು. ಕಳ್ಳರ ಕಾಟಕ್ಕೆ ಜನ ಏನೇನು ಮಾಡುತ್ತಾರಪ್ಪಾ ಎಂದುಕೊಂಡ. ಬೇರೆ ಹೊತ್ತಾಗಿದ್ದರೆ ಅದನ್ನು ಎತ್ತಿ ನೋಡಿಯೇ ಬಿಡುತ್ತಿದ್ದ. ಈಗ ಅವನ ತಲೆಯಲ್ಲಿ ಹಲ್ಲುಗಳೇ ತುಂಬಿದ್ದವು.

ತಮ್ಮನ ರಿಪೋರ್ಟು ಸುಳ್ಳು ಎಂದು ಅವನು ಆರು ದಿನ ನಂಬಿದ್ದ. ಅದು ಅಪ್ಪಟ ನಿಜ ಎಂದಾಯಿತು. ಹಾಗಾದರೆ ಚೀಟಿ ಸುಳ್ಳೇ? ಸುಳ್ಳು ಚೀಟಿ ಬರೆದು ಯಾರಿಗೇನು ಲಾಭ? ಬೆದರಿಸುವವನಾದರೆ ಏನಾದರೂ ಕೇಳಬೇಕಿತ್ತು. ಒಳ್ಳೆಯವನಾದರೆ ಆಸ್ಪತ್ರೆಗೆ ಬರೆಯಬೇಕಿತ್ತು. ಇವನು ಅಕ್ಕನಿಗೆ ಮಾತ್ರ ಬರೆದು ಸುಮ್ಮನಾಗಿದ್ದ. ಅಕ್ಕನೂ ಅಷ್ಟೇ, ಆಸ್ಪತ್ರೆಗೆ ಹೋಗಿರಲಿಲ್ಲ. ನೇರ ಕೊಕ್ಕೆಯ ಮನೆಗೆ ಬಂದಿದ್ದಳು. "ರಿಪೋರ್ಟಿನ ವಿಷಯ ಬಿಡಿ ಸಾರ್. ಬರೆದೋರು ಯಾರು ಅಂತ ಹುಡುಕಿ ಕೊಡಿ, ಸಾಕು."

ಬರೆದವರು ಯಾರು. ಬರೆದದ್ದು ನಿಜವೇ ಎಂದಲ್ಲ.

ಅವಳು ಕೊಟ್ಟ ಫೈಲನ್ನು ಅವನು ಮತ್ತೆ ಬಿಚ್ಚಿದ. ಅದರಲ್ಲಿ ಎರಡು ಹಲ್ಲಿನ ಹಾಳೆಗಳಿದ್ದವು. ಕಿಡ್ನಿ ಪಡೆಯುವವನ ಬಾಯಿಯಂತೆ ಕೊಡುವವಳ ಬಾಯಿಯನ್ನೂ ಆಸ್ಪತ್ರೆ ಕೇಳುತ್ತದೆ. ಅಕ್ಕನ ಹಾಳೆಯನ್ನು ಕೊಕ್ಕೆ ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ. ರೋಗ ಇರುವುದು ತಮ್ಮನಿಗಲ್ಲವೇ?

ಎರಡು, ಮೂರು, ಎರಡು. ಮೂರು, ಎರಡು, ಎರಡು. ಎಲ್ಲೂ ನಾಲ್ಕಿಲ್ಲ. ಮೂರರ ತಲೆ ಚಪ್ಪಟೆ, ಥೇಟು ಸಹಾಯಕಿಯ ಕೈ. ಅದೇ ಮೊಹರು, ಅದೇ ಸಹಿ. ಕೆಳಗಿನ ಸಾಲಿನ ಎಡಗಡೆ ಒಂದು ದವಡೆ ಹಲ್ಲಿನ ಮೇಲೆ ಕತ್ತರಿ ಗೀಟು.

ಹಾಳೆಯ ಎಡಗಡೆ ಅಂದರೆ ರೋಗಿಯ ಬಲಗಡೆ.

ಅಕ್ಕ ಅವನ ಮನೆಯಲ್ಲಿ ಕಾಫಿ ಕುಡಿದಿದ್ದಳು. ಬಿಸಿ ತಾಗಿ ಮುಖ ಕಿವುಚಿ ಕೆನ್ನೆ ಹಿಡಿದುಕೊಂಡಿದ್ದಳು. ಯಾವ ಕೈಯಲ್ಲಿ? ತಮ್ಮ ಕಟ್ಟಿಕೊಟ್ಟ ಹಿತ್ತಾಳೆ ಗಡಿಯಾರ ಇರುವ ಕೈಯಲ್ಲಿ, ಎಡಗೈಯಲ್ಲಿ. ಆಮೇಲೆ ಕೊಕ್ಕೆಯ ಹೆಂಡತಿ ಏನೋ ಹೇಳಿದ್ದಕ್ಕೆ ನಕ್ಕಾಗ ಅದೇ ಕೈಯ ಕಡೆ, ಎಡ ದವಡೆಯಲ್ಲಿ, ಕಪ್ಪು ಸಂದಿಯೊಂದು ಕಂಡಿತ್ತು.

ಸಹಾಯಕಿ ಬರೆದಿದ್ದರೆ ಆ ಗೀಟು ಹಾಳೆಯ ಬಲಗಡೆ ಇರಬೇಕಿತ್ತು. ಎಡಗಡೆಯನ್ನು ಎಡಗಡೆಗೇ ಹಾಕುವವರು ಯಾರು? ತನ್ನ ಬಾಯಿಯನ್ನು ತಾನೇ ನೋಡಿಕೊಂಡವರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಬಾಯಿಗೆ ಬೇಕೇ ಬೇಕು.

ಕೊಕ್ಕೆ ಎದ್ದ. ಶೂವಿನ ದಾರ ಕಟ್ಟಲು ಮರೆತದ್ದು ರಸ್ತೆ ದಾಟುವಾಗ ನೆನಪಾಯಿತು.

*

ಅಂಗಡಿ ಒಂದೇ, ಕಸುಬು ಎರಡು. ಎಡಕ್ಕೆ ತಮ್ಮನ ಗಡಿಯಾರದ ಮೇಜು. ಬಲಕ್ಕೆ ಅಕ್ಕನ ಮೊಹರಿನ ಮೇಜು: ಸೀಸದ ಅಚ್ಚುಮೊಳೆಯ ಪೆಟ್ಟಿಗೆಗಳು, ರಬ್ಬರನ್ನು ಬೇಯಿಸಿ ಒತ್ತುವ ಕೈಪ್ರೆಸ್ಸು, ಮರದ ಹಿಡಿಗಳ ರಾಶಿ. ಸುಟ್ಟ ರಬ್ಬರಿನ ವಾಸನೆ ಬಟ್ಟೆಗೆ ಹತ್ತುತ್ತಿತ್ತು. ತಮ್ಮನ ಸ್ಟೂಲು ಖಾಲಿ ಇತ್ತು. ಮಂಗಳವಾರ, ಗುರುವಾರ, ಶನಿವಾರ ಅವನಿಗೆ ಡಯಾಲಿಸಿಸ್.

ಅಕ್ಕ ಯಾವುದೋ ಮೊಹರಿನ ಅಂಚನ್ನು ಬ್ಲೇಡಿನಿಂದ ಕೊರೆಯುತ್ತಿದ್ದಳು.

"ಬನ್ನಿ ಸಾರ್. ಬ್ಲೇಡು ಮೊಂಡಾಗಿ ಪ್ರಾಣ ತಿಂತಿದೆ. ಎಲ್ಲ ನನ್ನ ತಮ್ಮನ ಕೆಲಸ. ಭಾನುವಾರ ಇದರಲ್ಲೇ ಚಪ್ಪಲಿ ಪಟ್ಟಿ ಕೊಯ್ಕೊಂಡ. ಪಾದ ಹಿಡಿಸಲ್ಲವಂತೆ. ಹೊಸದು ತಗೋ ಅಂದ್ರೆ ಕೇಳಲ್ಲ... ಸಿಕ್ಕಿದ್ರಾ ಬರೆದೋರು?"

ಕೊಕ್ಕೆಯ ಕಿವಿಗೆ ಕೊನೆಯ ಪ್ರಶ್ನೆ ಮಾತ್ರ ಬಿತ್ತು. ಅವನು ಎರಡೂ ಹಾಳೆಗಳನ್ನು ಅವಳ ಮುಂದೆ ಜೋಡಿಸಿಟ್ಟ.

"ಸಿಕ್ಕಿದ್ರು. ಚೀಟಿ ಬರೆದೋರಲ್ಲ. ಇದನ್ನ ಬರೆದೋರು."

"ಅದು ಡಾಕ್ಟ್ರ ಹಾಳೆ."

"ಒಂದು ಡಾಕ್ಟ್ರದ್ದು. ಇನ್ನೊಂದು ಕನ್ನಡೀದು."

ಅವಳು ಬ್ಲೇಡನ್ನು ಕೆಳಗಿಡಲಿಲ್ಲ. "ಒಗಟು ಹಾಕ್ಬೇಡಿ. ನನಗೆ ಶುಕ್ರವಾರ ಆಪರೇಷನ್ನಿದೆ."

"ನಿಮಗಿಲ್ಲದ ಹಲ್ಲು ಯಾವ ಕಡೆದು?"

"ಎಡಗಡೆ."

"ಹಾಳೇಲಿ ಎಲ್ಲಿದೆ ಗೀಟು?"

"ಎಡಗಡೆ. ಕಣ್ಣು ಕಾಣ್ಸಲ್ವಾ?"

"ಅಲ್ಲೇ ತಪ್ಪಾಗಿರೋದು ಅಮ್ಮಾ." ಕೊಕ್ಕೆ ತನ್ನದೇ ಹಾಳೆಯನ್ನು ತೆಗೆದು ಬಾಯಿಯನ್ನೂ ಅಗಲಿಸಿ ಬೆರಳಿಟ್ಟು ತೋರಿಸಿದ. ಅವನಿಗೆ ಇಲ್ಲದ್ದು ಬಲ, ಗೀಟು ಎಡ. "ಅವರು ಎದುರಿಗೆ ನಿಂತು ಬರೆಯೋದು. ನಿಮ್ಮ ಗೀಟು ಈ ಕಡೆ ಬರಬೇಕಿತ್ತು."

ಅಕ್ಕ ನೋಡಿದಳು. ಒಮ್ಮೆ ಅವನ ಹಾಳೆ, ಒಮ್ಮೆ ತನ್ನ ಹಾಳೆ. ಅವಳ ಮುಖದಲ್ಲಿ ಮೊದಲು ಕಂಡದ್ದು ಹೆದರಿಕೆಯಲ್ಲ. ಕೆಲಸ ಕೆಡಿಸಿಕೊಂಡ ಕುಶಲಕರ್ಮಿಯ ಸಿಟ್ಟು. ಮೂವತ್ತು ವರ್ಷ ಅಕ್ಷರವನ್ನು ಉಲ್ಟಾ ಜೋಡಿಸಿ ನೆಟ್ಟಗೆ ಅಚ್ಚೊತ್ತಿಸಿದ ಕೈ ಅದು. ಒಂದೇ ಒಂದು ಸಲ, ಉಲ್ಟಾ ಮಾಡಬೇಕಾದ ಕಡೆ, ನೆಟ್ಟಗೆ ಬರೆದುಬಿಟ್ಟಿತ್ತು.

"ಬರೆದೋಳು ತಪ್ಪಿರಬಹುದು" ಎಂದಳು ಮೆಲ್ಲಗೆ.

"ಕರ್ಕೊಂಡ್ಹೋಗಿ ಕೇಳೋಣ್ವಾ? ಎರಡು ಬೀದಿ ಆಚೆ."

"ಬೇಡ."

"ಆ ಕ್ಲಿನಿಕ್ಕಿನ ಮೊಹರು ಮಾಡಿಕೊಟ್ಟಿದ್ದು ಯಾರು?"

ಮಾಡಿದ ಪ್ರತಿ ಮೊಹರಿನ ಮೊದಲ ಗುರುತನ್ನು ಒತ್ತಿಡುವ ದಪ್ಪ ಪುಸ್ತಕ ಅವಳ ಮೊಣಕೈ ಕೆಳಗೇ ಇತ್ತು.

"ನಿಮ್ಮ ಬಾಯಿ ಡಾಕ್ಟ್ರು ನೋಡಿದ್ದೇ ಸುಳ್ಳಾ?"

"ನೋಡಿದ್ರು." ಅವಳು ಬ್ಲೇಡು ಇಟ್ಟಳು. "ಐದು, ಆರು, ಏಳು, ಅಂತ ಹೇಳ್ತಾನೇ ಇದ್ರು. ಸಾಕು ನಿಲ್ಸಿ ಅನ್ನೋಣ ಅನ್ನಿಸ್ತು. ಆಮೇಲೆ ಆಸ್ಪತ್ರೆ ಪೇಪರೆಲ್ಲಾ ತಿರುವಿ ನೋಡಿದ್ರು. ಮೂತ್ರದಲ್ಲಿ ಚೂರು ಪ್ರೋಟೀನು ಹೋಗ್ತಿದೆ, ಕಿಡ್ನಿ ಅಂಚಿನಲ್ಲಿ ಪಾಸಾಗಿದೆ ಅಂತ ಇತ್ತಲ್ಲ ಅದರಲ್ಲಿ. ಇಷ್ಟು ಕೆಟ್ಟ ವಸಡು ಇಟ್ಕೊಂಡು ಅದನ್ನ ಹಗುರಾಗಿ ತಗೋಬೇಡಿ ಅಂದ್ರು. ಮೂರು ತಿಂಗಳು ವಸಡಿಗೆ ಔಷಧಿ, ಆಮೇಲೆ ಕಿಡ್ನಿ ಮತ್ತೊಮ್ಮೆ ಪರೀಕ್ಷೆ, ಅಲ್ಲೀವರೆಗೆ ಆಪರೇಷನ್ ಬೇಡ ಅಂತ ಚೀಟಿ ಕೊಟ್ರು."

"ಆ ಚೀಟಿ?"

"ಕೈಪ್ರೆಸ್ಸಿನ ಒಲೆಗೆ ಹಾಕ್ದೆ."

"ಅಲ್ಲಾ ತಾಯಿ, ನಿಮ್ಮ ಕಿಡ್ನಿಯೇ ಕೆಡ್ತಾ ಇದ್ರೆ?"

"ಎರಡಿವೆಯಲ್ಲಾ. ಚೆನ್ನಾಗಿರೋದು ಅವನಿಗೆ. ಕೆಟ್ಟಿದ್ದು ನನಗೆ."

"ಎರಡೂ ಒಂದೇ ರಕ್ತ ಸೋಸ್ತಿವೆ. ಒಂದು ಕೆಟ್ಟು ಇನ್ನೊಂದು ಚೆನ್ನಾಗಿರೋಕೆ ಅದೇನು ಚಟ್ನಿಗೆ ತಂದ ತೆಂಗಿನಕಾಯಾ, ಆರಿಸಿ ಒಡೆಯೋಕೆ?"

"ನಿಮಗೇನು ಸಾರ್, ಮಾತು!" ಅವಳ ದನಿ ಏರಿತು. "ಎರಡು ಸಲ ಮುಂದಕ್ಕೆ ಹೋಗಿದೆ. ಒಂದ್ಸಲ ಅವನಿಗೆ ಜ್ವರ. ಒಂದ್ಸಲ ಬಿ.ಪಿ. ಏರಿತು. ಮೂರನೇ ಸಲ ನನ್ನ ಹಾಳು ಬಾಯಿಂದ ಅಂತ ಅವನಿಗೆ ಹೇಗೆ ಹೇಳ್ಲಿ? ಮೆಷಿನ್ ಪಕ್ಕ ಮಲಗೋರಲ್ಲಿ ಈ ವರ್ಷ ಮೂರು ಮಂಚ ಖಾಲಿಯಾದ್ವು. ಅವನು ನನಗೆ ಹೇಳಲ್ಲ, ನಾನು ಎಣಿಸ್ತೀನಿ."

ಕಾನೂನು ಕೊಕ್ಕೆಗೆ ಗೊತ್ತಿತ್ತು. ಈ ಹೆಂಗಸನ್ನು ಯಾವ ಕಲಮಿನಡಿ ಬರೆಯಬೇಕೆಂದು ಮಾತ್ರ ಗೊತ್ತಾಗಲಿಲ್ಲ. ತನ್ನ ಕಿಡ್ನಿಯನ್ನು ತಾನೇ ಕದ್ದು ಬೇರೆಯವರಿಗೆ ಕೊಡಲು ಹೊರಟವಳು ಕಳ್ಳಿಯೇ?

"ಮತ್ತೆ ನನ್ನನ್ನ ಯಾಕೆ ಕರೆದ್ರಿ? ಮೊಸರಲ್ಲಿ ಕಲ್ಲು ಹುಡುಕೋದೇ ನನ್ನ ಕಸುಬು ಅಂತ ಗೊತ್ತಿದ್ದೂ?"

ಅಕ್ಕ ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದಳು. ನೇರಳೆ ಶಾಯಿಯಲ್ಲಿ ಒಂದೊಂದೇ ಅಕ್ಷರ ಒತ್ತಿದ್ದರು. ಒಂದು ದಪ್ಪ, ಒಂದು ಸಣ್ಣ. ಯಾವ್ಯಾವುದೋ ಮೊಹರುಗಳಿಂದ ಕೊಯ್ದ ರಬ್ಬರು ತುಂಡುಗಳು.

"ಈ 'ಹ' ಶಾಲೆಯ ಮೊಹರಿಂದು, ಕಾಲು ಮುರಿದಿತ್ತು ಅಂತ ಎಸೆದಿದ್ದೆ. ಈ 'ಳ್ಳು' ಹಾಲಿನ ಡೈರಿದು. ಎಲ್ಲಾ ನನ್ನ ಕೈಯವೇ ಸಾರ್. ಕೆಟ್ಟುಹೋದ ಮೊಹರನ್ನೆಲ್ಲ ಆ ಡಬ್ಬೀಗೆ ಹಾಕ್ತೀನಿ."

"ಮೊದಲೇ ಗೊತ್ತಿತ್ತಾ?"

"ಲಕೋಟೆ ಒಡೆದ ಕೂಡ್ಲೇ ಗೊತ್ತಾಯ್ತು."

"ಮತ್ತೆ?"

"ಬೇರೆ ಯಾರೋ ಅಂತ ನೀವು ಹೇಳ್ತೀರಿ ಅಂತ ಕಾಯ್ತಿದ್ದೆ." ಅವಳು ಮೂಗು ಒರೆಸಿಕೊಂಡಳು. "ಅಂಗಡಿಗೆ ಬರೋ ಹೋಗೋ ಜನ ಎಷ್ಟೋ ಇದ್ದಾರೆ. ಯಾರಾದ್ರೂ ಕದ್ದಿರಬಹುದು. ಹೌದಲ್ವಾ?"

ಕೊಕ್ಕೆ ಗಡಿಯಾರದ ಮೇಜಿಗೆ ಹೋದ. ಗೋಡೆಗೆ ತೂಗಬೇಕಾದ ದೊಡ್ಡ ಗಡಿಯಾರವೊಂದು ಅಲ್ಲಿ ಮಲಗಿತ್ತು. ಗಾಜು ಒಡೆಯದಂತೆ ನಾಲ್ಕು ಮೂಲೆಗೂ ರಬ್ಬರಿನ ತುಂಡು ಕೊಟ್ಟಿದ್ದರು. ಅಕ್ಕನ ಡಬ್ಬಿಯಿಂದ ತಮ್ಮ ಯಾವಾಗಲೂ ಎತ್ತಿಕೊಳ್ಳುತ್ತಿದ್ದ ತುಂಡುಗಳು. ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದನ್ನು ತಮ್ಮನ ಭೂತಗನ್ನಡಿಯ ಕೆಳಗೆ ಹಿಡಿದ. ಉಲ್ಟಾ ಅಕ್ಷರ ಓದಲು ಅವನಿಗೆ ಹೊತ್ತು ಹಿಡಿಯಿತು.

'ದಂತ ಚಿಕಿ' ಎಂದಿತ್ತು. ಅಂಚು ಸೊಟ್ಟಗಾಗಿತ್ತು.

"ನಿಮ್ಮ ಹಾಳೆಗೆ ಕ್ಲಿನಿಕ್ಕಿನ ಕಳ್ಳ ಮೊಹರು ಎಷ್ಟು ಸಲ ಮಾಡಿದ್ರಿ?"

"ಎರಡು. ಮೊದಲನೇದು ಬೇಯುವಾಗ ಸೊಟ್ಟಗಾಯ್ತು. ಡಬ್ಬಿಗೆ..." ಅವಳು ಅರ್ಧಕ್ಕೆ ನಿಂತಳು.

"ಈ ತುಂಡು ನೋಡಿ ನಿಮ್ಮ ತಮ್ಮನಿಗೆ ಎಲ್ಲಾ ಗೊತ್ತಾಗಿದೆ ಅಮ್ಮಾ. ಆಸ್ಪತ್ರೆಗೆ ಬರೆದ್ರೆ ನೀವು ಸಿಕ್ಕಿಬೀಳ್ತೀರಿ. ಬಾಯಿ ಬಿಟ್ಟು ಹೇಳಿದ್ರೆ ನೀವು ಒಪ್ಪಲ್ಲ. ಅದಕ್ಕೆ ಚೀಟಿ. ನೀವಾಗೇ ನಿಲ್ಲಿಸ್ಲಿ ಅಂತ."

"ನಾನು ನಿಲ್ಲಿಸ್ಲಿಲ್ಲ."

"ನಿಲ್ಲಿಸ್ಲಿಲ್ಲ."

ಅವಳ ಮೊಬೈಲು ಅಚ್ಚುಮೊಳೆಯ ಪೆಟ್ಟಿಗೆಯ ಮೇಲೆ ಗುರ್ರೆಂದಿತು. ಹೆಸರು ನೋಡಿ ಅವಳು ಸ್ಪೀಕರಿಗೆ ಹಾಕಿದಳು, ಕೈಯೆಲ್ಲ ಶಾಯಿ. ಡಯಾಲಿಸಿಸ್ ವಾರ್ಡಿನ ನರ್ಸು.

"ಏನ್ರಮ್ಮಾ, ನಿಮ್ಮ ತಮ್ಮನ್ನ ಬೇರೆ ಕಡೆ ಹಾಕ್ಸಿದ್ದೀರಾ? ಒಂದು ಮಾತು ಹೇಳೋದಲ್ವಾ? ಮೆಷಿನ್ ಖಾಲಿ ಬಿಟ್ಕೊಂಡು ಕೂತಿದ್ದೀನಿ."

"ಬೆಳಗ್ಗೆ ಏಳೂವರೆಗೇ ಹೊರಟನಲ್ಲಾ!"

"ಇಲ್ಲಿಗೆ ಬಂದಿಲ್ಲ. ಶನಿವಾರಾನೂ ಬರಲಿಲ್ಲ."

"ಶನಿವಾರ ಬಂದಿದ್ದ. ನಾನೇ ಆಟೋ ಹತ್ತಿಸ್ದೆ. ಮಧ್ಯಾಹ್ನ ತೋಳಿಗೆ ಹತ್ತಿ, ಪಟ್ಟಿ ಎಲ್ಲಾ ಅಂಟಿಸ್ಕೊಂಡೇ ಬಂದ."

"ಅದನ್ನ ನಾನು ಅಂಟಿಸ್ಲಿಲ್ಲ ತಾಯಿ." ನರ್ಸಿನ ದನಿ ಬದಲಾಯಿತು. "ಗುರುವಾರ ಆದ್ಮೇಲೆ ಅವರ ಮುಖಾನೇ ನೋಡಿಲ್ಲ ನಾನು. ಐದು ದಿನ ಆಯ್ತು. ಪಾದ ಊದಿದೆಯಾ? ಉಸಿರು ಕಟ್ತಾ ಇದೆಯಾ? ಬಾಯಿಂದ ಮೂತ್ರದ ವಾಸನೆ ಬರ್ತಿದೆಯಾ? ಕೂಡ್ಲೇ ಕರ್ಕೊಂಡು ಬನ್ನಿ. ಇನ್ನೂ ತಡ ಮಾಡಿದ್ರೆ ಹೃದಯ ನಿಂತುಹೋಗ್ಬಹುದು."

ಕೊಕ್ಕೆ ತಮ್ಮನ ಡ್ರಾಯರು ಎಳೆದ. ಸ್ಪ್ರಿಂಗುಗಳು, ಸಣ್ಣ ಚಿಮಟಿಗಳು. ಅವುಗಳ ಹಿಂದೆ ಹತ್ತಿಯ ಉಂಡೆ, ಬಿಳಿ ಅಂಟುಪಟ್ಟಿಯ ಸುರುಳಿ. ಅರ್ಧ ಖಾಲಿಯಾಗಿತ್ತು.

ಅಕ್ಕ ಹಾಳೆ ತಿದ್ದಿದ್ದಳು, ತಮ್ಮ ತೋಳು ತಿದ್ದಿದ್ದ. ಅವಳು ಆಪರೇಷನ್ ನಿಲ್ಲಿಸದಿದ್ದಾಗ ಅವನು ಡಯಾಲಿಸಿಸ್ಸನ್ನೇ ನಿಲ್ಲಿಸಿದ್ದ. ಒಂದೇ ಅಂಗಡಿಯ ಎರಡು ಮೇಜು.

ನಿನ್ನೆಯ ಆ ವಾಸನೆ. ಸೋಸಲಾರದ ರಕ್ತದ್ದು. ಎದುರು ಕೂತು ಒಂದು ಗಂಟೆ ಅದನ್ನು ಮೂಸಿ, ವಸಡು ಎಂದು ಬರೆದುಕೊಂಡು ಎದ್ದುಬಂದಿದ್ದ.

"ಆಟೋದವನ ನಂಬರು?"

ಅಕ್ಕ ಗೋಡೆ ತೋರಿಸಿದಳು. ಕೊಕ್ಕೆಯೇ ಒತ್ತಿದ.

"ಗಡಿಯಾರದೋರಾ?" ಆಟೋದವನು ಎಲ್ಲೋ ಹಾರ್ನುಗಳ ನಡುವೆ ಕೂಗಿದ. "ಬೆಳಗ್ಗೆ ಇಳಿಸ್ದೆನಲ್ಲಾ ಸಾರ್, ಶನಿವಾರ ಇಳಿಸಿದ ಕಡೇನೇ."

"ಎಲ್ಲಿ?"

"ಆಸ್ಪತ್ರೆ ಬೇಡ ಅಂದ್ರು. ಹಲ್ಲಿನ ಡಾಕ್ಟ್ರಮ್ಮನ ಹತ್ರ. ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ ಪಾಪ, ಆಯಮ್ಮನೇ ಬಂದು ಕೈ ಹಿಡಿದು ಒಳಗೆ ಕರ್ಕೊಂಡ್ಹೋದ್ರು. ಅಕ್ಕಂಗೆ ಹೇಳ್ಬೇಡ ಅಂದ್ರು. ಇನ್ನೂ ಅಲ್ಲೇ ಇರಬೇಕು, ವಾಪಸ್ ಕರ್ಕೊಂಡು ಬಾ ಅಂತ ಫೋನು ಬಂದಿಲ್ಲ."

ಕೊಕ್ಕೆ ಫೋನು ಇಳಿಸಿದ.

ಮೆಟ್ಟಿಲ ಮೇಲಿನ ಒಂದೇ ಒಂದು ಜೊತೆ ಚಪ್ಪಲಿ. ಸೀಳಿದ ಪಟ್ಟಿ. ಅದನ್ನು ದಾಟಿಕೊಂಡೇ ಅವನು ಒಳಗೆ ಹೋಗಿದ್ದ, ಅದರ ಪಕ್ಕದಲ್ಲೇ ಕೂತು ಶೂ ಹಾಕಿಕೊಂಡಿದ್ದ. ಅವನು ಬಾಯಿ ತೆರೆದು ಮಲಗಿದ್ದ ಕುರ್ಚಿಗೂ ಆ ಚಪ್ಪಲಿಯ ಒಡೆಯನಿಗೂ ನಡುವೆ ಇದ್ದದ್ದು ಒಂದೇ ಬಾಗಿಲು. ದಂತವೈದ್ಯೆ ಹಾಕಿಕೊಂಡ ಬಾಗಿಲು.

ಅವಳ ಕೋಣೆಯಲ್ಲಿ ರಕ್ತ ಸೋಸುವ ಮೆಷಿನ್ ಇಲ್ಲ. ಇರುವುದು ಹಲ್ಲಿನ ಕುರ್ಚಿ ಮಾತ್ರ.

ಕೊಕ್ಕೆ ಕ್ಲಿನಿಕ್ಕಿನ ನಂಬರು ಒತ್ತಿದ. ಎರಡನೆಯ ಗಂಟೆಗೇ ಯಾರೋ ಎತ್ತಿದರು. ಸಹಾಯಕಿಯ ದನಿ, ಪಿಸುಪಿಸು.

"ಸಾರ್, ನೀವೇ ಮಾಡ್ತೀರಿ ಅಂತ ಕಾಯ್ತಿದ್ದೆ. ನೀವು ಹೋದ ಕೂಡ್ಲೇ ಅಮ್ಮ ಬಾಗಿಲು ಹಾಕ್ಕೊಂಡ್ರು. ಒಳಗಿಂದ ನಾಡಿ ಎಣಿಸ್ತಾ ಅಂಕಿ ಹೇಳ್ತಾನೇ ಇದ್ರು, ಕೇಳಿಸ್ತಿತ್ತು. ಈಗ ನಿಲ್ಸಿದ್ದಾರೆ."